ಹಳೆಯ ಮರದ ಲೇಥ್: ಸವೆದ ಬೇರಿಂಗ್ ಬದಲಿಸುವ ಕ್ರಮ

ಚನ್ನಪಟ್ಟಣದ ಬೊಂಬೆಗಳಿಗೆ 2005-06ನೇ ಸಾಲಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಬೊಂಬೆಗಳ ಹೊಳಪಿನ ಮೂಲ ಲೇಥ್ ಯಂತ್ರದಲ್ಲಿದೆ. ಹಾಲೆ ಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ಉಳಿಯಿಂದ ಕಡೆದ ಬಳಿಕ, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯಲಾಗುತ್ತದೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರದ ಮೇಲೆ ಹರಡುತ್ತದೆ. ಮರವನ್ನು ತಿರುಗಿಸುವ ಸ್ಪಿಂಡಲ್ ಕೂದಲೆಳೆಯಷ್ಟು ಅಲುಗಿದರೂ ಮೇಲ್ಮೈಯಲ್ಲಿ ಅಲೆಗಳಂಥ ಗೆರೆಗಳು ಮೂಡುತ್ತವೆ, ಅರಗು ಸಮನಾಗಿ ಕೂರುವುದಿಲ್ಲ. ಹಿಡಿತ ತಪ್ಪಿದ ಮರ ಉಳಿಯನ್ನು ಕಚ್ಚಿ ಕೈಗೆ ಪೆಟ್ಟು ಮಾಡುವ ಅಪಾಯವೂ ಉಂಟು.

ಹಲವು ವರ್ಷ ದುಡಿದ ಲೇಥ್‌ಗಳಲ್ಲಿ ಈ ಅಲುಗಾಟಕ್ಕೆ ಸಾಮಾನ್ಯ ಕಾರಣ ಸವೆದ ಬೇರಿಂಗ್. ಇದರ ಬೆಲೆ ಹೆಚ್ಚಲ್ಲ. ಆದರೆ ಬದಲಿಸುವಾಗ ಸ್ಪಿಂಡಲ್ ಕೆಟ್ಟರೆ ಅದಕ್ಕೆ ಬದಲಿ ಸಿಗುವುದು ದುರ್ಲಭ. ಆದ್ದರಿಂದ ಈ ಕೆಲಸದಲ್ಲಿ ಬಲಕ್ಕಿಂತ ಕ್ರಮ ಮುಖ್ಯ.

ದೋಷ ಎಲ್ಲಿದೆ?

ವೇಗ ಹೆಚ್ಚಿದಂತೆ ಏರುವ ಗರಗರ ಸದ್ದು ಹಾಗೂ ಸ್ಪಿಂಡಲ್ ಕೂರುವ ಭಾಗ ಕೈ ಇಡಲಾಗದಷ್ಟು ಬಿಸಿಯಾಗುವುದು ಮೊದಲ ಸೂಚನೆಗಳು. ಆದರೆ ಸಡಿಲವಾದ ಪುಲ್ಲಿ, ಹರಿದ ಬೆಲ್ಟ್, ಮೋಟಾರಿನೊಳಗಿನ ಬೇರಿಂಗ್ ಸಹ ಇಂಥದೇ ಸದ್ದು ಮಾಡಬಲ್ಲವು. ವಿದ್ಯುತ್ ಸಂಪರ್ಕ ಕಡಿದು, ಬೆಲ್ಟ್ ತೆಗೆದು ಸ್ಪಿಂಡಲನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಮರಳು ಸಿಕ್ಕಂತೆ ಒರಟಾಗಿ ತಿರುಗಿದರೆ, ಅಥವಾ ತುದಿಯನ್ನು ಹಿಡಿದು ಮೇಲೆ ಕೆಳಗೆ ಒತ್ತಿದಾಗ ಆಡಿದರೆ ದೋಷ ಬೇರಿಂಗಿನದು. ಬೆಲ್ಟ್ ಇಲ್ಲದೆ ಮೋಟಾರನ್ನಷ್ಟೇ ಓಡಿಸಿದಾಗಲೂ ಸದ್ದು ಬಂದರೆ ಮೋಟಾರನ್ನೇ ಪರೀಕ್ಷಿಸಬೇಕು.

ಸಂಖ್ಯೆಯ ಭಾಷೆ

ಬೇರಿಂಗಿನ ಉಂಗುರದ ಪಕ್ಕದಲ್ಲಿ ಸಾಮಾನ್ಯವಾಗಿ ಸಂಖ್ಯೆಯೊಂದನ್ನು ಕೊರೆದಿರುತ್ತಾರೆ. ಉದಾಹರಣೆಗೆ 6205. ಇದರ ಕೊನೆಯ ಎರಡು ಅಂಕಿಗಳನ್ನು 5ರಿಂದ ಗುಣಿಸಿದರೆ ಒಳರಂಧ್ರದ ವ್ಯಾಸ 25 ಮಿ.ಮೀ. ಎಂದು ತಿಳಿಯುತ್ತದೆ. 04 ಮತ್ತು ಅದಕ್ಕಿಂತ ಮೇಲಿನ ಅಂಕಿಗಳಿಗೆ ಈ ಲೆಕ್ಕ ಅನ್ವಯಿಸುತ್ತದೆ. 6205ರ ಹೊರವ್ಯಾಸ 52 ಮಿ.ಮೀ., ಅಗಲ 15 ಮಿ.ಮೀ. ಸಂಖ್ಯೆಯ ಮುಂದೆ ‘2ಆರ್‌ಎಸ್’ ಎಂದಿದ್ದರೆ ಎರಡೂ ಬದಿಗೆ ರಬ್ಬರಿನ ಮುಚ್ಚಳವಿದೆ ಎಂದರ್ಥ; ‘ಝಡ್‌ಝಡ್’ ಎಂದರೆ ಲೋಹದ ಮುಚ್ಚಳ. ಮರದ ಪುಡಿ ಸದಾ ಹಾರುವ ಕಡೆ ರಬ್ಬರಿನ ಮುಚ್ಚಳವೇ ಮೇಲು.

ಇಂಗ್ಲೆಂಡ್, ಅಮೆರಿಕದಲ್ಲಿ ತಯಾರಾದ ಹಳೆಯ ಯಂತ್ರಗಳಲ್ಲಿ ಅಂಗುಲದ ಅಳತೆಯ ಬೇರಿಂಗ್ ಇರಬಹುದು. ಒಂದು ಅಂಗುಲವೆಂದರೆ 25.4 ಮಿ.ಮೀ. ಅದನ್ನು 25 ಮಿ.ಮೀ. ಬೇರಿಂಗಿಗೆ ಹೊಂದಿಸಲು ಸ್ಪಿಂಡಲ್ ಉಜ್ಜುವುದು ಯಂತ್ರವನ್ನೇ ಕೆಡಿಸಿದಂತೆ. ಸಂಖ್ಯೆ ಅಳಿಸಿಹೋಗಿದ್ದರೆ ವರ್ನಿಯರ್ ಕ್ಯಾಲಿಪರ್‌ನಿಂದ ಮೂರೂ ಅಳತೆ ತೆಗೆದುಕೊಂಡೇ ಅಂಗಡಿಗೆ ಹೋಗಬೇಕು. ಇನ್ನೂ ಹಳೆಯ ಕೆಲವು ಲೇಥ್‌ಗಳಲ್ಲಿ ಗುಂಡುಗಳೇ ಇರುವುದಿಲ್ಲ. ಸ್ಪಿಂಡಲ್ ಕಂಚಿನ ಅಥವಾ ಬಿಳಿಲೋಹದ ಬುಷ್‌ನಲ್ಲಿ ಎಣ್ಣೆಯ ಪದರದ ಮೇಲೆ ತಿರುಗುತ್ತದೆ. ಅವುಗಳ ದುರಸ್ತಿಯನ್ನು ಅನುಭವಿ ಯಂತ್ರಾಗಾರಕ್ಕೆ ಒಪ್ಪಿಸುವುದು ಲೇಸು.

ಬಿಚ್ಚುವುದು

ಪ್ರತಿ ಭಾಗವನ್ನು ತೆಗೆಯುವ ಮೊದಲು ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಮರುಜೋಡಣೆ ಸುಲಭ. ಪುಲ್ಲಿಯ ಗ್ರಬ್ ಸ್ಕ್ರೂ ಬಿಚ್ಚಿದ ಮೇಲೂ ಅದು ಜಾರದಿದ್ದರೆ ಅದೇ ತೂತಿನಲ್ಲಿ ಇನ್ನೊಂದು ಸ್ಕ್ರೂ ಅಡಗಿದೆಯೇ ನೋಡಬೇಕು. ಸರ್ಕ್ಲಿಪ್ ಹಾಗೂ ಲಾಕ್ ನಟ್ಟುಗಳನ್ನು ತೆಗೆಯಬೇಕು. ಕೆಲವು ನಟ್ಟುಗಳಿಗೆ ಎಡಮರೆ ಇರುತ್ತದೆ ಎಂಬುದು ನೆನಪಿರಲಿ. ಸ್ಪಿಂಡಲಿನ ದಪ್ಪ ಯಾವ ಕಡೆ ಹೆಚ್ಚಿದೆಯೋ ಆ ಕಡೆಗೇ ಅದನ್ನು ಹೊರಡಿಸಬೇಕು. ಉಕ್ಕಿನ ಸುತ್ತಿಗೆಯಿಂದ ನೇರವಾಗಿ ಹೊಡೆಯಬಾರದು. ನಡುವೆ ಮರದ ಅಥವಾ ಹಿತ್ತಾಳೆಯ ತುಂಡು ಇರಬೇಕು. ಸ್ಪಿಂಡಲ್ ಮೇಲೆ ಬಿಗಿದು ಕುಳಿತ ಬೇರಿಂಗನ್ನು ಪುಲ್ಲರ್‌ನಿಂದ ಎಳೆಯಬೇಕು.

ಬೇರಿಂಗ್ ಕುಳಿತಿದ್ದ ಜಾಗದಲ್ಲಿ ಸ್ಪಿಂಡಲ್ ಸವೆದು ಹೊಸ ಬೇರಿಂಗ್ ಸಡಿಲವಾಗಿ ಜಾರಿದರೆ, ಬೇರಿಂಗ್ ಬದಲಿಸಿ ಪ್ರಯೋಜನವಿಲ್ಲ. ಪಂಚ್‌ನಿಂದ ಚುಕ್ಕೆ ಹೊಡೆದು ಬಿಗಿ ಮಾಡುವುದು ತಾತ್ಕಾಲಿಕ ಉಪಾಯ ಮಾತ್ರ. ಆ ಭಾಗಕ್ಕೆ ಲೋಹ ತುಂಬಿಸಿ ಮತ್ತೆ ಅಳತೆಗೆ ಕಡೆಯಿಸಬೇಕಾಗುತ್ತದೆ.

ಕೂರಿಸುವುದು

ಈ ಹಂತದ ನಿಯಮ ಒಂದೇ: ಯಾವ ಉಂಗುರ ಬಿಗಿಯಾಗಿ ಕೂರಬೇಕೋ ಅದರ ಮೇಲೆಯೇ ಒತ್ತಡ ಬೀಳಬೇಕು. ಸ್ಪಿಂಡಲಿಗೆ ಏರಿಸುವಾಗ ಒಳ ಉಂಗುರವನ್ನು, ಗೂಡಿಗೆ ಇಳಿಸುವಾಗ ಹೊರ ಉಂಗುರವನ್ನು ಒತ್ತಬೇಕು. ತಪ್ಪು ಉಂಗುರವನ್ನು ಒತ್ತಿದರೆ ಬಲವೆಲ್ಲ ಗುಂಡುಗಳ ಮೂಲಕ ಹಾದು, ಅವು ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದ ಗುಳಿಗಳು ಬೀಳುತ್ತವೆ. ಹೊಸ ಬೇರಿಂಗ್ ಕೆಲವೇ ದಿನಗಳಲ್ಲಿ ಸದ್ದು ಮಾಡುವುದಕ್ಕೆ ಇದೂ ಒಂದು ಕಾರಣ. ಸರಿಯಾದ ಅಳತೆಯ ಕೊಳವೆಯ ತುಂಡು ಇದ್ದರೆ ಈ ಕೆಲಸ ನೇರವಾಗಿ ಆಗುತ್ತದೆ.

ಬೇರಿಂಗನ್ನು ತುಸು ಬಿಸಿ ಮಾಡಿದರೆ ಹಿಗ್ಗಿ ಸುಲಭವಾಗಿ ಏರುತ್ತದೆ. ಆದರೆ ರಬ್ಬರ್ ಮುಚ್ಚಳದ ಬೇರಿಂಗ್ 80 ಡಿಗ್ರಿ ಸೆಲ್ಸಿಯಸ್ ಮೀರಬಾರದು. ನೇರ ಜ್ವಾಲೆಯಂತೂ ಸಲ್ಲದು. ಮುಚ್ಚಳವಿರುವ ಬೇರಿಂಗಿಗೆ ಗ್ರೀಸ್ ತುಂಬುವ ಅಗತ್ಯವಿಲ್ಲ. ತೆರೆದ ಬೇರಿಂಗಿಗೆ ಒಳಜಾಗದ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಸಾಕು. ಕಿಕ್ಕಿರಿದ ಗ್ರೀಸ್ ತಾನೇ ಬಿಸಿಯೇರಿಸುತ್ತದೆ.

ಲಾಕ್ ನಟ್ಟನ್ನು ಅಲುಗಾಟ ಹೋಗುವಷ್ಟು ಮಾತ್ರ ಬಿಗಿಯಬೇಕು. ಸ್ಪಿಂಡಲ್ ಕೈಯಲ್ಲಿ ಸರಾಗವಾಗಿ ತಿರುಗುತ್ತಿರಬೇಕು. ಮರ ಸಿಕ್ಕಿಸದೆ, ಕಡಿಮೆ ವೇಗದಲ್ಲಿ ಸುಮಾರು ಅರ್ಧ ಗಂಟೆ ಓಡಿಸಿ, ಯಂತ್ರ ನಿಲ್ಲಿಸಿ ಬಿಸಿ ನೋಡಬೇಕು. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ; ಮುಟ್ಟಲಾಗದಷ್ಟು ಬಿಸಿಯಾದರೆ ಬಿಗಿತ ಹೆಚ್ಚಾಗಿದೆ ಎಂದು ತಿಳಿಯಬೇಕು. ಎಲ್ಲವೂ ಸರಿಯಾದ ಮೇಲೆ ಬೇರಿಂಗಿನ ಸಂಖ್ಯೆ ಹಾಗೂ ಬದಲಿಸಿದ ದಿನಾಂಕವನ್ನು ಯಂತ್ರದ ಮೇಲೆಯೇ ಬರೆದಿಟ್ಟರೆ ಮುಂದಿನ ಬಾರಿ ಯಂತ್ರ ಬಿಚ್ಚದೆಯೇ ಬೇರಿಂಗ್ ತರಿಸಿಕೊಳ್ಳಬಹುದು.