ಎರಡನೆಯ ಪಣ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಈ ನಾಲ್ಕು ತಾಲ್ಲೂಕು ಸೇರಿದರೆ ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಯುಗಾದಿಯ ಮಾರನೆಯ ದಿನ ಹೊಸತೊಡಕು. ಹೆಂಗಸರು ಅಡಿಗೆಮನೆಯಲ್ಲಿ ಮಸಾಲೆ ಅರೆಯುವ ಹೊತ್ತಿಗೆ ಗಂಡಸರು ತೋಪಿನಲ್ಲಿ, ಅರಳಿಕಟ್ಟೆಯಲ್ಲಿ ಇಸ್ಪೀಟಿಗೆ ಕೂತಿರುತ್ತಾರೆ. ಆಟದ ನಡುವೆ ಎದ್ದು ಬಂದವನು ಊಟಕ್ಕಲ್ಲ, ಇನ್ನಷ್ಟು ದುಡ್ಡಿಗೆ ಬಂದಿದ್ದಾನೆಂದು ಮನೆಯಾಕೆಗೆ ಮುಖ ನೋಡಿದೊಡನೆ ತಿಳಿಯುತ್ತದೆ.

ಈ ಮರುಪಣಕ್ಕೆ ಪೋಕರ್ ಆಟದಲ್ಲಿ ನಿಯಮವೇ ಉಂಟು. ಪಂದ್ಯಕ್ಕೆ ಎಲ್ಲರೂ ಒಂದೇ ಮೊತ್ತ ಕಟ್ಟಿ ಸಮನಾಗಿ ಬಿಲ್ಲೆ ಪಡೆಯುತ್ತಾರೆ. ಬಿಲ್ಲೆ ಕಳೆದುಕೊಂಡವನು ಗೊತ್ತುಪಡಿಸಿದ ಹೊತ್ತಿನೊಳಗೆ ಮತ್ತೆ ಹಣ ಕಟ್ಟಿ ಕೂರಬಹುದು. ಆ ಹೊತ್ತು ಮೀರಿದರೆ ಇಲ್ಲ. ಬಲ್ಲವರು ಹೇಳುವ ಬುದ್ಧಿ ಇಷ್ಟೇ: ಎಷ್ಟು ಸಲ ಕಟ್ಟುವುದೆಂದು ಕೂರುವ ಮೊದಲೇ ನಿಶ್ಚಯಿಸಬೇಕು. ಹೋದದ್ದನ್ನು ವಾಪಸು ತರುತ್ತೇನೆಂದು ಕಟ್ಟಬಾರದು. ಎದುರಿನವನು ನಮಗಿಂತ ಬಲ್ಲವನಾದರೆ ಏಳಬೇಕು. ಲಾಸ್ ವೇಗಸ್‌ನಲ್ಲಿ 1970ರಲ್ಲಿ ಆರಂಭವಾದ ಪೋಕರ್ ವಿಶ್ವಸರಣಿಯಲ್ಲಿ 2009ರಲ್ಲಿ ಇಂಥ ಪಂದ್ಯಗಳನ್ನು ಕೈಬಿಟ್ಟರು. ಹಣವಂತ ಮತ್ತೆ ಮತ್ತೆ ಕಟ್ಟಿ ಗೆಲುವನ್ನೇ ಕೊಳ್ಳುತ್ತಾನೆ ಎಂಬ ದೂರಿತ್ತು.

ನಮಗೆ ಇದು ಹೊಸ ಕಥೆಯೇನಲ್ಲ. ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ನೋಡದವರು ಯಾರಿದ್ದಾರೆ? ಮೊದಲ ಜೂಜಿನಲ್ಲಿ ಧರ್ಮರಾಯ ಎಲ್ಲವನ್ನೂ ಸೋತ, ದ್ರೌಪದಿಯನ್ನೂ. ಆಕೆ ಧೃತರಾಷ್ಟ್ರನಿಂದ ಎರಡು ವರ ಬೇಡಿ ಗಂಡಂದಿರನ್ನು ಬಿಡಿಸಿಕೊಂಡಳು. ಮೂರನೆಯ ವರ ಕೊಡುತ್ತೇನೆಂದರೂ ಸಾಕೆಂದಳು. ಕಳೆದ ರಾಜ್ಯವೂ ಕೈಸೇರಿತು. ಎಲ್ಲಿ ನಿಲ್ಲಬೇಕೆಂದು ಆ ಸಭೆಯಲ್ಲಿ ತಿಳಿದಿದ್ದವಳು ಅವಳೊಬ್ಬಳೇ. ಧರ್ಮರಾಯನೋ, ಮತ್ತೆ ಕರೆ ಬಂದೊಡನೆ ದಾರಿಯಿಂದಲೇ ಹಿಂತಿರುಗಿದ. ಅದೇ ಶಕುನಿ, ಅವವೇ ದಾಳಗಳು. ಪಣ ಹನ್ನೆರಡು ವರ್ಷದ ವನವಾಸ, ಒಂದು ವರ್ಷದ ಅಜ್ಞಾತವಾಸ. ಒಂದೇ ಎಸೆತಕ್ಕೆ ಸೋತ.

ಆ ಕಾಡಿನಲ್ಲಿ ಬೃಹದಶ್ವ ಋಷಿ ಅವನಿಗೆ ನಳನ ಕಥೆ ಹೇಳಿದರು. ಕನಕದಾಸರ ‘ನಳಚರಿತ್ರೆ’ಯಿಂದ ನಮಗೆ ಆ ಕಥೆ ಪರಿಚಿತ. ನಳನೂ ಎರಡನೆಯ ಸಲ ಆಡಿದ, ಆದರೆ ಋತುಪರ್ಣನಿಂದ ಅಕ್ಷವಿದ್ಯೆ ಕಲಿತ ಮೇಲೆ. ಗೆದ್ದ. ಧರ್ಮರಾಯ ಏನನ್ನೂ ಕಲಿಯದೆ ಕೂತಿದ್ದ. ಇಬ್ಬರ ಅಂತರ ಇದು. ಆದರೂ ನನ್ನ ಮನಸ್ಸು ನಿಲ್ಲುವುದು ದಮಯಂತಿಯಲ್ಲಿ. ಗಂಡ ಸೋಲುತ್ತಿರುವುದನ್ನು ಕಂಡು ಅವಳು ಸಾರಥಿ ವಾರ್ಷ್ಣೇಯನ ರಥದಲ್ಲಿ ಮಕ್ಕಳನ್ನು ತವರಿಗೆ ಕಳಿಸಿಬಿಟ್ಟಳು. ಆಟದಲ್ಲಿ ಸೇರದ ಒಂದಿಷ್ಟನ್ನು ಉಳಿಸಿದಳು. ವ್ಯಾಸಭಾರತದಲ್ಲಿ, ವಿದ್ಯೆ ಕಲಿತು ಬಂದ ನಳನ ಎರಡನೆಯ ಪಣದಲ್ಲೂ ದಮಯಂತಿಯ ಹೆಸರಿದೆ!

ಸರ್ಕಾರ ಕೈಕಟ್ಟಿ ಕೂತಿಲ್ಲ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತು. ಆನ್‌ಲೈನ್ ಜೂಜಿನ ಮೇಲೆ 2021ರಲ್ಲಿ ರಾಜ್ಯ ತಂದ ಕಾನೂನಿನ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಅರಳಿಕಟ್ಟೆಯಲ್ಲಿ ಕತ್ತಲಾದರೆ ಆಟ ಏಳುತ್ತಿತ್ತು. ಮೊಬೈಲಿನಲ್ಲಿ ಕತ್ತಲೇ ಆಗುವುದಿಲ್ಲ.

ಇಸ್ಪೀಟು ಮುಟ್ಟದ ಮನೆಯಲ್ಲೂ ಮರುಪಣವುಂಟು. ಒಂದು ಬೋರು ಫೇಲಾದರೆ ಇನ್ನೊಂದು, ಅದೂ ಫೇಲಾದರೆ ಮತ್ತೊಂದು. ಮಳೆ ಕೈಕೊಟ್ಟರೆ ಶೇಂಗಾ ಬೀಜಕ್ಕೆ ಮತ್ತೆ ಸಾಲ. ಬೇಸಾಯ ಜೂಜಲ್ಲ, ರೈತ ಜೂಜುಗಾರನೂ ಅಲ್ಲ. ಆದರೆ ಎರಡನೆಯ ಸಲದ ಹಣ ಬರುವುದು ಬಹುತೇಕ ಒಂದೇ ಕಡೆಯಿಂದ – ಹೆಂಡತಿಯ ಕೊರಳಿಂದ, ಕೈಬಳೆಯಿಂದ. ಗಿರವಿ ಅಂಗಡಿಯ ಚೀಟಿ ಅವಳ ಟ್ರಂಕಿನ ತಳ ಸೇರುತ್ತದೆ.

ಸರ ಬಿಚ್ಚಿಕೊಡಬೇಡಿ ಎಂದು ಹೇಳುವುದು ಸುಲಭ. ಸಂಸಾರದಲ್ಲಿ ಅದು ಅಷ್ಟು ಸುಲಭವಲ್ಲ. ಬಿಚ್ಚುವ ಮೊದಲು ಒಂದು ಪ್ರಶ್ನೆಯನ್ನಾದರೂ ಕೇಳೋಣ: “ಹೋದ ಸಲಕ್ಕೂ ಈ ಸಲಕ್ಕೂ ನಡುವೆ ಹೊಸದಾಗಿ ಏನು ಕಲಿತಿರಿ?” ಉತ್ತರ ಬರುವವರೆಗೆ ಸರ ಕೊರಳಲ್ಲೇ ಇರಲಿ.