ಆಟದ ಕುಡಿಕೆಯೂ ಅಡುಗೆಮನೆಯ ಚರಿತ್ರೆಯೂ

ಸೇಡಂ ಸೀಮೆಯ ಚರಿತ್ರೆಯೆಂದೊಡನೆ ನಮಗೆ ಮೊದಲು ನೆನಪಾಗುವುದು ಮಳಖೇಡ. ಕಾಗಿಣಾ ನದಿಯ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಆಳಿದ ರಾಜಧಾನಿ. ಭೀಮೆಯ ತೀರಕ್ಕೆ ಹೋದರೆ ಸನ್ನತಿ, ಕನಗನಹಳ್ಳಿ. ಅಶೋಕನ ಹೆಸರು ಕೆತ್ತಿದ ಶಿಲ್ಪವನ್ನು ನಮಗೆ ಕೊಟ್ಟ ಸ್ತೂಪದ ನೆಲ. ದೊರೆ ಯಾರು, ದಾನಿ ಯಾರು ಎಂಬುದನ್ನು ಕಲ್ಲು ಹೇಳುತ್ತದೆ. ಆದರೆ ಆಡಕಿಯಂಥ ಊರಿನ ಹೆಣ್ಣುಮಗಳೊಬ್ಬಳು ಆ ಕಾಲದಲ್ಲಿ ಯಾವುದರಲ್ಲಿ ಅಂಬಲಿ ಕಾಸಿದಳು, ಯಾವುದರಲ್ಲಿ ನೀರು ತುಂಬಿಟ್ಟಳು ಎಂದು ಕೇಳಿದರೆ ಶಾಸನ ಬಾಯಿ ಬಿಡದು. ಅದನ್ನು ಹೇಳಬೇಕಾದುದು ಮಣ್ಣು.

ಮಣ್ಣು ಹೇಳಿಯೂ ಇದೆ. ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆಸಿದಾಗ ಕಾಲದ ಪದರಗಳನ್ನು ಬೇರ್ಪಡಿಸಿ ತೋರಿಸಿದುದು ಮುಖ್ಯವಾಗಿ ಮಡಕೆಯ ಚೂರುಗಳೇ. ಬೃಹತ್ ಶಿಲಾಸಮಾಧಿಗಳ ಕಾಲದ ಪಾತ್ರೆಗಳು ಒಳಗೆ ಕಪ್ಪು, ಹೊರಗೆ ಕೆಂಪು. ಬೋರಲಾಗಿಟ್ಟು ಸುಟ್ಟರೆ ಒಳಭಾಗಕ್ಕೆ ಗಾಳಿ ಸಾಲದೆ ಅದು ಕಪ್ಪಾಗುತ್ತದೆ. ಗಾಳಿ ತಗುಲಿದ ಹೊರಮೈ ಕೆಂಪೇರುತ್ತದೆ. ಅದರ ಮೇಲಿನ ಪದರದಲ್ಲಿ, ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ, ಬಣ್ಣದ ಗೆರೆಗಳ ಬಟ್ಟಲುಗಳು ಬಂದವು. ಕುಂಬಾರನು ಬಿಳಿಯ ಮಣ್ಣಿನಿಂದ ಗೆರೆ ಎಳೆದು, ಮೇಲೆ ತೆಳುವಾಗಿ ಕಾವಿ ಬಳಿದು ಸುಡುತ್ತಿದ್ದನು. ಕಾವಿಯ ಮರೆಯಿಂದ ಗೆರೆಗಳು ಇಣುಕುತ್ತಿದ್ದವು. ನಮ್ಮ ನಾಡಿನವರು ಊಟದ ಬಟ್ಟಲಿಗೆ ಚಿತ್ರ ಬರೆಯಲು ಯಾರಿಂದಲೂ ಹೇಳಿಸಿಕೊಳ್ಳಬೇಕಾಗಿರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ದೊಡ್ಡ ಪಾತ್ರೆ ಇದ್ದ ಕಡೆ ಅದರ ಮರಿಯೂ ಇರುತ್ತದೆ. ಸಿಂಧೂ ಕಣಿವೆಯ ನಗರಗಳಲ್ಲಿ ಮಣ್ಣಿನ ಆಟದ ಬಂಡಿಗಳ ಜೊತೆಗೆ ಪುಟ್ಟ ಪುಟ್ಟ ಕುಡಿಕೆಗಳೂ ಸಿಕ್ಕಿವೆ. ಶೂದ್ರಕನ 'ಮೃಚ್ಛಕಟಿಕ'ಕ್ಕೆ ಹೆಸರು ಬಂದುದೇ ಮಗುವಿನ ಮಣ್ಣಿನ ಬಂಡಿಯಿಂದ. ಚಾರುದತ್ತನ ಮಗನು ಚಿನ್ನದ ಬಂಡಿ ಬೇಕೆಂದು ಅತ್ತಾಗ ವಸಂತಸೇನೆ ತನ್ನ ಒಡವೆಗಳನ್ನೇ ಅದರಲ್ಲಿ ತುಂಬಿದಳು. ನಮ್ಮ ಉತ್ತರ ಕರ್ನಾಟಕದಲ್ಲಂತೂ ಮಣ್ಣೆತ್ತಿನ ಅಮಾವಾಸ್ಯೆಯೂ ಆಷಾಢದ ಮಂಗಳವಾರಗಳ ಗುಳ್ಳವ್ವನೂ ಮಕ್ಕಳ ಕೈಗೆ ಮಣ್ಣನ್ನು ಕೊಟ್ಟ ಹಬ್ಬಗಳು. ಆದರೆ ಅವು ಸುಡದ ಮಣ್ಣು; ಪೂಜೆ ಮುಗಿದೊಡನೆ ನೀರಿಗೆ ಸೇರಿ ಕರಗುವಂಥವು. ಹೀಗಾಗಿ ನಮ್ಮ ಮಕ್ಕಳ ಕೈಗೆಲಸದ ಬಹುಭಾಗ ಚರಿತ್ರೆಗೆ ದಕ್ಕಲೇ ಇಲ್ಲ.

ಹಾಲೆಂಡಿನಲ್ಲಿ ದಕ್ಕಿದೆ. ಆಮ್‌ಸ್ಟರ್‌ಡಾಮಿನ ಪೆಟ್ರೊನೆಲ್ಲಾ ಊರ್ಟ್‌ಮನ್ ಎಂಬ ಶ್ರೀಮಂತ ಗೃಹಿಣಿ ೧೬೮೬ರಿಂದ ೧೭೧೦ರ ಸುಮಾರಿನವರೆಗೆ ಕಟ್ಟಿಸಿದ ಗೊಂಬೆಮನೆ ಇಂದು ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದರ ಪಿಂಗಾಣಿಯನ್ನು ಅವಳು ಚೀನಾದಿಂದಲೇ ಹೇಳಿ ತರಿಸಿದಳು. ಮುನ್ನೂರು ವರ್ಷಗಳ ಹಿಂದಿನ ಡಚ್ ಅಡುಗೆಮನೆಯಲ್ಲಿ ಯಾವ ಪಾತ್ರೆ ಎಲ್ಲಿರುತ್ತಿತ್ತೆಂದು ತಿಳಿಯಲು ವಿದ್ವಾಂಸರು ಈ ಆಟದ ಮನೆಯೊಳಗೆ ಇಣುಕುತ್ತಾರೆ.

ಈಗ ಪಟ್ಟಣಗಳ ಮನೆಗಳಿಗೆ ಹೊಸದೊಂದು ಜೇಡಿ ಬಂದಿದೆ. ಪಾಲಿಮರ್ ಕ್ಲೇ ಎಂದು ಅದರ ಹೆಸರು. ಹೆಸರಿನಲ್ಲಿ ಮಣ್ಣಿದ್ದರೂ ಮೈಯಲ್ಲಿ ಮಣ್ಣಿಲ್ಲ. ಅದು ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕಿನ ಪುಡಿಗೆ ಮೆದುಗೊಳಿಸುವ ದ್ರವವನ್ನೂ ಬಣ್ಣವನ್ನೂ ಸೇರಿಸಿ ನಾದಿದ ಕಣಕ. ಜರ್ಮನಿಯ ಪ್ರಸಿದ್ಧ ಗೊಂಬೆಗಾರ್ತಿ ಕೇಟೆ ಕ್ರೂಸೆಯ ಮಗಳು ಫಿಫಿ ರೆಬಿಂಡರ್ ಇದನ್ನು ಹದಗೊಳಿಸಿದಳು. ೧೯೬೪ರಲ್ಲಿ ಎಬರ್‌ಹಾರ್ಡ್ ಫಾಬರ್ ಕಂಪನಿ ಅದನ್ನು ಕೊಂಡು 'ಫೀಮೋ' ಎಂದು ಮಾರಿತು. ಕುಂಬಾರನ ಆವಿಗೆಗೆ ಆರೇಳು ನೂರು ಡಿಗ್ರಿಗೂ ಮೀರಿದ ಕಾವು ಬೇಕು. ಇದಕ್ಕೆ ಮನೆಯ ಒವನ್ನಿನ ನೂರಮೂವತ್ತು ಡಿಗ್ರಿಯ ಆಸುಪಾಸು ಸಾಕು. ಕಾವು ಮಿತಿಮೀರಿದರೆ ಸೀದು ಕೆಟ್ಟ ಹೊಗೆ ಬರುವುದು. ಬೆಂದು ಆರಿದ ಮೇಲೆ ಅಕ್ರಿಲಿಕ್ ಬಣ್ಣದಿಂದ ಕೂದಲೆಳೆಯಷ್ಟು ಸಣ್ಣ ಹೂಬಳ್ಳಿ ಬರೆಯಬಹುದು. ಹೆಬ್ಬೆರಳಿನ ಉಗುರಿನಷ್ಟು ತಟ್ಟೆ, ಕಡಲೆಕಾಳಿನಷ್ಟು ಬಟ್ಟಲು ಇದರಲ್ಲಿ ಸಾಧ್ಯ.

ಈ ಕೈಚಳಕವನ್ನು ಕಂಡು ನಾನು ಸಂತೋಷಪಡುತ್ತೇನೆ. ಆದರೆ ನಮ್ಮ ಹುಡುಗಿಯರು ಇದರಲ್ಲಿ ಮಾಡುವುದೇನು? ಹೆಚ್ಚಾಗಿ ಗುಲಾಬಿ ಹೂವಿನ ಇಂಗ್ಲಿಷ್ ಟೀ ಕಪ್ಪು, ಕೆಟಲು, ಕೇಕಿನ ತಟ್ಟೆ. ಹರಿವಿ ಇಲ್ಲ, ಪರಿಯಾಣವಿಲ್ಲ, ರೊಟ್ಟಿಯ ಹಂಚಿಲ್ಲ. ತರಗತಿಯಲ್ಲಿ ಹಳೆಯ ಪದ್ಯವನ್ನು ಪಾಠ ಹೇಳುವಾಗ 'ಕುಡಿಕೆ' ಬಂದರೆ ಇಂದು ಹಲಗೆಯ ಮೇಲೆ ಚಿತ್ರ ಬರೆಯಬೇಕಾಗಿದೆ. ಮನೆಯಿಂದ ಪಾತ್ರೆ ಹೊರಟಿತೆಂದರೆ ಅದರ ಹಿಂದೆಯೇ ಮಾತೂ ಹೊರಡುತ್ತದೆ. ಮಾತು ಹೋದ ಮೇಲೆ ಕುಂಬಾರ ಗುಂಡಯ್ಯನು ಮಡಕೆ ಬಾರಿಸಿ ಶಿವನನ್ನು ಕುಣಿಸಿದ ಕಥೆಯೂ ಅರ್ಧ ಮೂಕವಾಗುತ್ತದೆ.

ಪ್ಲಾಸ್ಟಿಕ್ಕಿನ ಈ ಜೇಡಿ ಗುಳ್ಳವ್ವನಂತೆ ನೀರಿನಲ್ಲಿ ಕರಗದು. ಪರಿಸರದ ದೃಷ್ಟಿಯಿಂದ ಅದು ದೋಷವೇ. ಆದುದರಿಂದ ಮಾಡುವುದನ್ನು ಎಸೆಯುವುದಕ್ಕಾಗಿ ಮಾಡಬಾರದು. ಉಳಿಯುವುದನ್ನೇ ಮಾಡುವುದಾದರೆ ಉಳಿಯಬೇಕಾದುದನ್ನೇ ಮಾಡೋಣ. ಅಜ್ಜಿ ಬದುಕಿರುವಾಗಲೇ ಅವಳನ್ನು ಕೇಳಿ, ಅವಳ ಅಡುಗೆಮನೆಯ ಒಂದೊಂದು ಪಾತ್ರೆಯನ್ನೂ ಬೆರಳುದ್ದಕ್ಕೆ ಇಳಿಸಿ, ಅಡಿಯಲ್ಲಿ ಅದರ ಹೆಸರನ್ನು ಕನ್ನಡದಲ್ಲಿ ಬರೆದಿಟ್ಟರೆ, ಶಾಸನ ಬರೆಯದೆ ಬಿಟ್ಟ ಪುಟವೊಂದನ್ನು ಮಕ್ಕಳೇ ಬರೆದಂತಾಗುವುದು.