ರೈತರ ಖಾತೆಗೆ ಸರ್ಕಾರದ ಹಣ: ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳು

ನೆಲ, ನೀರು

ದಾವಣಗೆರೆ ಜಿಲ್ಲೆ 1997ರಲ್ಲಿ ರೂಪುಗೊಂಡಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಯಿತು. ಚನ್ನಗಿರಿ ಅಡಿಕೆಯ ಸೀಮೆ. ಭದ್ರಾ ನಾಲೆ, ಸೂಳೆಕೆರೆ ಅಲ್ಲಿನ ಆಸರೆ. ಹೊನ್ನಾಳಿಗೆ ತುಂಗಭದ್ರೆ ಇದೆ. ಜಗಳೂರಿನ ಮೆಕ್ಕೆಜೋಳ, ಶೇಂಗಾ ಬಹುಪಾಲು ಮಳೆಯನ್ನೇ ನಂಬಿವೆ. ಆದ್ದರಿಂದ ಒಂದೇ ಯೋಜನೆಯ ಹಣಕ್ಕೆ ಊರೂರಿನಲ್ಲಿ ಬೇರೆ ಬೇರೆ ಬೆಲೆ.

ಯಾವ ಹಣ, ಎಷ್ಟು

ಪಿಎಂ ಕಿಸಾನ್ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ. ರಾಜ್ಯ ಸರ್ಕಾರ 2019ರಿಂದ ಕೆಲವು ವರ್ಷ ಇದರ ಮೇಲೆ 4,000 ರೂಪಾಯಿ ಸೇರಿಸಿ ಕೊಡುತ್ತಿತ್ತು, ಈಗ ಅದಿಲ್ಲ. ಬೆಳೆ ವಿಮೆ ಸಹಾಯಧನವಲ್ಲ. ಆಹಾರ ಧಾನ್ಯ, ಎಣ್ಣೆಕಾಳುಗಳಿಗೆ ಮುಂಗಾರಿನಲ್ಲಿ ರೈತ ವಿಮಾ ಮೊತ್ತದ ಶೇ 2ರವರೆಗೆ ಕಂತು ಕಟ್ಟುತ್ತಾನೆ, ಉಳಿದ ಕಂತನ್ನು ಕೇಂದ್ರ, ರಾಜ್ಯ ಭರಿಸುತ್ತವೆ.

2023ರ ಬರ

ಆ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ವಿಪತ್ತು ಪರಿಹಾರದ ದರ ಹೆಕ್ಟೇರಿಗೆ ಹೀಗಿತ್ತು: ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ನಷ್ಟ ಶೇ 33 ಅಥವಾ ಅದಕ್ಕಿಂತ ಹೆಚ್ಚಿರಬೇಕು, ಲೆಕ್ಕ ಎರಡು ಹೆಕ್ಟೇರಿಗೆ ಮಾತ್ರ. ಕೇಂದ್ರದ ನೆರವಿಗೆ ಕಾದೂ ಕಾದು ರಾಜ್ಯವು 2024ರ ಆರಂಭದಲ್ಲಿ ಮೊದಲ ಕಂತಾಗಿ ಗರಿಷ್ಠ 2,000 ರೂಪಾಯಿ ಹಾಕಿತು, ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 18 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಬೇಡಿಕೆಗೆ ಏಪ್ರಿಲ್‌ನಲ್ಲಿ ಸಿಕ್ಕಿದ್ದು ಸುಮಾರು 3,454 ಕೋಟಿ. ಮುಂಗಾರಿನಲ್ಲಿ ಒಣಗಿದ ಬೆಳೆಯ ಪರಿಹಾರ ಮುಂದಿನ ಬಿತ್ತನೆಯ ಹೊತ್ತಿಗೆ ಬಂದರೆ, ಆ ನಡುವೆ ರೈತ ಮಾಡಿದ ಕೈಸಾಲಕ್ಕೆ ಲೆಕ್ಕವೇ ಇರುವುದಿಲ್ಲ.

ಎಫ್‌ಐಡಿ

ಬರ ಪರಿಹಾರ ಜಮೆಯಾಗುವುದು ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶ ಕೊಡುವ ಎಫ್‌ಐಡಿ, ಅಂದರೆ ರೈತ ಗುರುತಿನ ಸಂಖ್ಯೆಯ ಮೂಲಕ. ಆಧಾರ್, ಪಹಣಿ, ಬ್ಯಾಂಕ್ ಖಾತೆ ಮೂರೂ ಅದರಲ್ಲಿ ಕೂಡಬೇಕು. ಒಂದು ಸರ್ವೆ ನಂಬರ್ ಸೇರದೆ ಉಳಿದರೆ ಅಷ್ಟು ಜಮೀನಿನ ಹಣ ಬರುವುದಿಲ್ಲ. ಹೆಸರಿನ ಅಕ್ಷರ ಹೊಂದದಿದ್ದರೂ, ಖಾತೆಗೆ ಆಧಾರ್ ಜೋಡಣೆ ಆಗದಿದ್ದರೂ ತೊಡಕೇ. ಸರಿಪಡಿಸಲು ಹೋಗಬೇಕಾದ್ದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ. ಪಹಣಿಯದೇ ದೋಷವಾದರೆ ನಾಡಕಚೇರಿ, ತಾಲ್ಲೂಕು ಕಚೇರಿಗೆ.

ಪಹಣಿಯಲ್ಲಿ ಹೆಸರಿಲ್ಲದವರು

ನನ್ನನ್ನು ಹೆಚ್ಚು ಕಾಡುವುದು ಇದು. ಹಣ ಉಳುವವರನ್ನು ಹುಡುಕಿಕೊಂಡು ಹೋಗುವುದಿಲ್ಲ, ಪಹಣಿಯಲ್ಲಿರುವ ಹೆಸರನ್ನು ಹುಡುಕುತ್ತದೆ. ತಾತ ತೀರಿಕೊಂಡು ವರ್ಷಗಳಾದರೂ ಪೌತಿ ಖಾತೆ ಆಗದ ಜಮೀನಿನ ಮೊಮ್ಮಗ, ಕೋರಿಗೆ ಮಾಡುವವನು, ಹಕ್ಕುಪತ್ರಕ್ಕೆ ಕಾಯುತ್ತಿರುವ ಬಗರ್ ಹುಕುಂ ಸಾಗುವಳಿದಾರ, ಗಂಡನ ಹೆಸರಿನ ಹೊಲದಲ್ಲಿ ಜೀವ ಸವೆಸುವ ಹೆಣ್ಣುಮಗಳು: ಬೆಳೆ ಹೋದಾಗ ನಷ್ಟ ಇವರದು, ಪಟ್ಟಿಯಲ್ಲಿ ಮಾತ್ರ ಇವರ ಹೆಸರಿಲ್ಲ. ಪಿಎಂ ಕಿಸಾನ್‌ಗೆ 2019ರ ಫೆಬ್ರುವರಿ 1ಕ್ಕೆ ಇದ್ದ ಒಡೆತನವೇ ಆಧಾರ. ಆಮೇಲಿನ ಬದಲಾವಣೆಯಲ್ಲಿ ವಾರಸುದಾರಿಕೆಗೆ ಮಾತ್ರ ವಿನಾಯಿತಿ. ಬೆಳೆ ವಿಮೆಯ ನಿಯಮ ಗೇಣಿದಾರರನ್ನು ಒಪ್ಪುತ್ತದೆ, ಆದರೆ ಬಾಯಿಮಾತಿನ ಕೋರಿಗೆ ದಾಖಲೆ ಎಲ್ಲಿಂದ ತರುವುದು? ಪೌತಿ ಖಾತೆಗಾದರೂ ದಾರಿ ಸುಲಭ: ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಅಣ್ಣತಮ್ಮಂದಿರ ಪಾಲು ಮುಗಿಯಲಿ ಎಂದು ಕಾಯಬೇಕಿಲ್ಲ. ವಾರಸುದಾರರೆಲ್ಲರ ಹೆಸರಿಗೆ ಜಂಟಿ ಖಾತೆ ಮಾಡಿಸಬಹುದು.